ಲಿಂಡಾಳ ಅವರೆ ಸಾಲು

ಸರ್ಕಾರದ ದುಡ್ಡು ಎಂದರೆ ಮೂಗು ಮುರಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಮ್ಮ ರಾಮನಗರದಲ್ಲಿ ಬಿಸಿನೀರಿಗೆ ಕೈಯದ್ದಿ ರೇಷ್ಮೆ ನೂಲು ತೆಗೆಯುತ್ತಿದ್ದಳು. ನಾನು ಸರ್ಕಾರಿ ಹಾಸ್ಟೆಲಿನ ಸಾರು ಉಂಡು, ವಿದ್ಯಾರ್ಥಿವೇತನದಲ್ಲಿ ಪುಸ್ತಕ ಕೊಂಡು, ನಮ್ಮ ವಂಶಕ್ಕೇ ಮೊದಲ ಡಿಗ್ರಿ ತಂದವನು. ಆ ಸಾರಿನಲ್ಲಿ ಬೇಳೆ ಹುಡುಕುವುದೇ ಒಂದು ಸಂಶೋಧನೆ. ನಾನು ಎಂಜಿನಿಯರ್ ಆಗುವ ಲಕ್ಷಣ ಮೊದಲು ಕಾಣಿಸಿದ್ದು ಅಲ್ಲೇ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹೇಳಿಕೊಳ್ಳದಿದ್ದರೆ ನಿದ್ದೆಯೂ ಬರುವುದಿಲ್ಲ ಎಂದು ನನ್ನ ಹೆಂಡತಿ ಸುಧಾ ಸೇರಿಸುತ್ತಾಳೆ.

ಈಗ ಈ ಪರದೇಶದಲ್ಲಿ, ನೆವಾರ್ಕಿನ ನಮ್ಮ ಮನೆಯಿಂದ ಫ್ರೀವೇ ಎಂಬ ಹೆದ್ದಾರಿ ಹಿಡಿದು ಹೋದರೆ ಲಿಂಡಾ ಎಂಬಾಕೆಯ ತೋಟ. ನಾವು ಕೆಲವು ಕನ್ನಡದ ಮನೆಯವರು ಸೇರಿ ಆಕೆಯಿಂದ ಪ್ರತಿ ಬೇಸಿಗೆ ಒಂದು ಸಾಲು ಅವರೆ ಹಾಕಿಸುತ್ತೇವೆ. ಇಲ್ಲಿಯ ಅವರೆಗೆ ಸಂಕ್ರಾಂತಿಯವರೆಗೆ ಕಾಯುವ ತಾಳ್ಮೆಯಿಲ್ಲ, ಅಕ್ಟೋಬರಿಗೇ ಸೊಗಡು ಬಿಡುತ್ತದೆ. ಈ ಸಲ ಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ, ಕೊರೊನಾ ಕಾಲದಲ್ಲಿ ಸರ್ಕಾರ ಸುತ್ತಲಿನ ತೋಟಗಳಿಗೆಲ್ಲ ಪರಿಹಾರಧನ ಕೊಟ್ಟಿತ್ತು, ಲಿಂಡಾಳೂ ಪಡೆದಿದ್ದಳು ಎಂಬುದನ್ನು ನಮ್ಮ ಗುಂಪಿನವನೇ ಆದ, ಹತ್ತಿರದ ಕ್ಯುಪರ್ಟಿನೋದ ರಾಘಣ್ಣ ಎಲ್ಲಿಂದಲೋ ಪತ್ತೆ ಮಾಡಿದ. ಎಲ್ಲರೂ ಒಂದೊಂದು ಅಡುಗೆ ತಂದು ಉಣ್ಣುವ ಅವನ ಮನೆಯ ಪಾಟ್‌ಲಕ್ಕಿನಲ್ಲಿ, ನಮ್ಮ ಟ್ಯಾಕ್ಸು ತಿಂದವಳಿಗೆ ಮತ್ತೆ ನಾವೇ ದುಡ್ಡು ಕೊಡುವುದೆಂಥದು, ಈ ಸಲ ಆರ್ಡರು ಬೇಡ ಎಂದು ಠರಾವಾಯಿತು. ಕೊಳ್ಳುವವರಿಲ್ಲದಿದ್ದರೆ ಲಿಂಡಾ ಆ ಸಾಲನ್ನು ಉತ್ತುಹಾಕುತ್ತಾಳೆ. ಮತ್ತೆಂದೂ ಅವರೆ ಬಿತ್ತುವುದಿಲ್ಲ.

ರೆಸ್ಟೊರೆಂಟುಗಳೆಲ್ಲ ಮುಚ್ಚಿ ಬೆಳೆದ ಸೊಪ್ಪು ಹೊಲದಲ್ಲೇ ಕೊಳೆಯುತ್ತಿದ್ದ ದಿನಗಳಲ್ಲಿ, ಒಬ್ಬ ಆಳನ್ನೂ ಕೆಲಸದಿಂದ ತೆಗೆಯದೆ, ಮಾಸ್ಕು ಕಟ್ಟಿಕೊಂಡು ನಮ್ಮ ಬಾಗಿಲುಗಳಿಗೆ ಮೆಂತ್ಯಸೊಪ್ಪು ತಂದಿಟ್ಟವಳು ಅವಳು. ಆ ಸೊಪ್ಪನ್ನು ಸಾಬೂನು ಹಾಕಿ ತೊಳೆದು ತಿಂದವನು ಈ ರಾಘಣ್ಣ. ನಾನು ತಟ್ಟೆ ಕೆಳಗಿಟ್ಟೆ.

"ಸರ್ಕಾರದ ಅನ್ನ ತಿಂದೇ ನಾನು ಇವತ್ತು ನಿನ್ನ ಪಕ್ಕ ಕೂತಿರೋದು ರಾಘಣ್ಣ. ಅವಳು ಇಸ್ಕೊಂಡಿದ್ದು ತಪ್ಪಾದ್ರೆ ನನ್ನ ಡಿಗ್ರೀನೂ ವಾಪಸ್ ತಗೊ. ಆ ಸಾಲು ಪೂರ್ತಿ ನಂದು."

"ಪೂರ್ತೀನಾ? ನೋಡ್ಕೊಂಡು ಮಾತಾಡು ಮಾರಾಯ," ಎಂದ.

ನೋಡಿಕೊಂಡೇ ಮಾತಾಡಬೇಕಿತ್ತು. ನೂಲಿನ ಮನೆಯಲ್ಲಿ ಬೆಳೆದ ನನಗೆ ತರಕಾರಿ ಸಾಲು ಎಂದರೆ ಹಿತ್ತಿಲ ಗೋಡೆಯಿಂದ ಬಾವಿಕಟ್ಟೆಯವರೆಗೆ. ಆರ್ಡರು ಹೇಳಿದ್ದು ಯಾವಾಗಲೂ ಫೋನಿನಲ್ಲೇ. ಕಾಯಿ ತರಲು ಸುಧಾಳೊಂದಿಗೆ ಹೋದ ದಿನವೇ ತೋಟಕ್ಕೆ ಮೊದಲು ಕಾಲಿಟ್ಟಿದ್ದು. ಲಿಂಡಾಳ ಸಾಲು ಕಣ್ಣು ಹಾಯುವಷ್ಟು ದೂರ ಹೋಗಿ, ಫ್ರೀವೇ ಅಡ್ಡ ಬಂತೆಂದಷ್ಟೇ ನಿಂತಿತ್ತು. ಆಕೆ ಖುಷಿಯಿಂದ ಕಾರಿನ ಡಿಕ್ಕಿ, ಹಿಂದಿನ ಸೀಟು, ಸುಧಾಳ ಕಾಲಡಿ ಎಲ್ಲ ತುಂಬಿಸಿ, ಉಳಿದದ್ದಕ್ಕೆ ನಾಳೆ ಬನ್ನಿ ಎಂದಳು. ಮನೆಗೆ ಬರುವವರೆಗೆ ಸುಧಾಳ ಮೊಣಕಾಲು ಗಲ್ಲಕ್ಕೆ ತಾಗಿತ್ತು.

ವಾರ ಕಳೆದ ಮೇಲೆ ರಾಘಣ್ಣನ ಫೋನು. ಅವನ ತಾಯಿಗೆ ಹಿದುಕಿದ ಬೇಳೆ ಸಾರಿನ ಆಸೆಯಾಗಿದೆಯಂತೆ, ಒಂದಿಷ್ಟು ಸಿಕ್ಕೀತೇ ಅಂತ. ಬಂದು ಕೂತು ನೆನೆದ ಕಾಳಿನ ಸಿಪ್ಪೆ ಹಿದುಕುವವರಿಗೆ ಮಾತ್ರ ಎಂದೆ. ಬಂದ. ಅವನ ಬೆರಳಿಂದ ಹಾರಿದ ಬೇಳೆ ನನ್ನ ಕನ್ನಡಕಕ್ಕೆ ಬಡಿದಾಗಲೂ ಕ್ಷಮೆ ಕೇಳಲಿಲ್ಲ. ಡಬ್ಬಿ ತುಂಬಿಸಿ ಕೊಟ್ಟೆ. ಎಷ್ಟಾಯಿತು ಎಂದು ಕೇಳಿದ.

"ಸಬ್ಸಿಡಿ," ಎಂದೆ. ಡಬ್ಬಿ ಕಂಕುಳಲ್ಲಿಟ್ಟುಕೊಂಡು ಹೋದ.

ಅಂತೂ ನಾನು ಗೆದ್ದೆ. ಗೆದ್ದವನಿಗೆ ಬೆಳಿಗ್ಗೆ ಅವರೆಕಾಳಿನ ಉಪ್ಪಿಟ್ಟು, ಮಧ್ಯಾಹ್ನ ಅದರದೇ ಸಾರು, ಸಂಜೆ ಅಕ್ಕಿರೊಟ್ಟಿಯೊಳಗೂ ಅದೇ. ಸರ್ಕಾರದ ಮುಂದೆ ಕೈಯೊಡ್ಡಿಯೂ ತಲೆ ತಗ್ಗಿಸದಿದ್ದ ನಾನು, ನಿನ್ನೆ ಸುಧಾಳ ಮುಂದೆ ತಲೆ ತಗ್ಗಿಸಿ ನಿಂತು, ಒಂದು ಹೊತ್ತಿಗಾದರೂ ಪರಿಹಾರ ದಯಪಾಲಿಸು, ಬರೀ ಮೊಸರನ್ನ ಸಾಕು ಎಂದು ಬೇಡಿಕೊಂಡೆ.

ಅವಳು ಗರಾಜಿನಲ್ಲಿ ಇನ್ನೂ ಉಳಿದಿದ್ದ ಅವರೆ ಮೂಟೆಗಳತ್ತ ಕೈ ತೋರಿಸಿದಳು.

"ಸಾಲು ಪೂರ್ತಿ ನಿಮ್ದು ತಾನೆ? ತಿನ್ತಾ ಹೋಗಿ, ಇನ್ನೂ ಫ್ರೀವೇ ಬಂದಿಲ್ಲ."