ಪೈಪೂ ನನ್ನ ಹೆಸರೂ

ನಮ್ಮ ತಿಪಟೂರಿನ ಕಡೆ ಅಪ್ಪ ಅಮ್ಮ ಇಟ್ಟ ಹೆಸರು ನಾಮಕರಣದ ಊಟ ಮುಗಿಯುವವರೆಗೆ ಮಾತ್ರ. ಆಮೇಲೆ ಊರು ಇಟ್ಟಿದ್ದೇ ಹೆಸರು. ಯಾವುದೋ ಕಾಲದಲ್ಲಿ ಎಮ್ಮೆ ಕಳೆದುಕೊಂಡವರ ಮೊಮ್ಮಗಳನ್ನೂ ‘ಎಮ್ಮೆ ಕಳ್ಕೊಂಡೋರ ಮನೆ ಹುಡುಗಿ’ ಅಂತಲೇ ಗುರುತು ಹೇಳುತ್ತಾರೆ. ಆ ಎಮ್ಮೆ ಮರುದಿನವೇ ಸಿಕ್ಕಿತೆಂಬುದನ್ನು ಒಬ್ಬರೂ ಹೇಳುವುದಿಲ್ಲ. ನಾನು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನಾದ್ದರಿಂದ ನನಗೆ ‘ರೈಟ್ರು’ ಎಂಬ ಹೆಸರಾಗಿತ್ತು. ಅಷ್ಟಕ್ಕೇ ನಿಂತಿತಲ್ಲ ಎಂದು ನೆಮ್ಮದಿಯಾಗಿದ್ದೆ.

ಆ ನೆಮ್ಮದಿಗೆ ಕಲ್ಲು ಹಾಕಿದ್ದು ಒಂದು ತೆಂಗಿನ ಸಸಿ. ಶೆಟ್ಟಿಕೆರೆಯ ನಮ್ಮ ಮಾವ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದು ಮಗಳ ಕೈಗೆ ಕೊಟ್ಟಿದ್ದರು. ತವರಿನ ಸಸಿ ಎಂದ ಮೇಲೆ ಅದು ನಮ್ಮ ಮನೆಯಲ್ಲಿ ನನಗಿಂತ ಒಂದು ಮೆಟ್ಟಿಲು ಮೇಲೆ. ಬಚ್ಚಲ ನೀರು ಹರಿಯುವ ಅಂಗಳದ ಮೂಲೆಯಲ್ಲೇ ನೆಡಬೇಕೆಂದು ನನ್ನ ಹೆಂಡತಿ ಕಮಲ ತೀರ್ಮಾನಿಸಿದಳು. ಆದರೆ ಬೀದಿಗೆಲ್ಲ ನೀರು ಕೊಡುವ ಪೈಪು ನಮ್ಮ ಅಂಗಳದ ಒಳಗೇ ಎಲ್ಲೋ ಹಾದುಹೋಗಿತ್ತು. ಆ ‘ಎಲ್ಲೋ’ ಎನ್ನುವುದೇ ನನ್ನ ನಿದ್ದೆ ಕೆಡಿಸಿತು.

ಕಾರಣ ಎದುರು ಮನೆಯ ಶಿವಣ್ಣ. ಹಿರಿಯ ಮಗಳ ಮದುವೆಯ ಚಪ್ಪರಕ್ಕೆ ಕಂಬ ನೆಡಲು ಹೋಗಿ ಅವರು ಪೈಪಿಗೆ ಹಾರೆ ಹಾಕಿದ್ದರು. ಬೀದಿಯವರೆಲ್ಲ ಬಿಂದಿಗೆ ಹೊತ್ತು ದೂರದ ಬಾವಿಗೆ ಅಲೆದರು. ಅವತ್ತಿನಿಂದ ಅವರು ಪೈಪ್ ಶಿವಣ್ಣ. ಬೀಗರ ಊರಿನಲ್ಲೂ ಪೈಪ್ ಶಿವಣ್ಣನೇ. ನಮ್ಮ ಮಗಳಿನ್ನೂ ಚಿಕ್ಕವಳು. ನಾಳೆ ಅವಳನ್ನು ನೋಡಲು ಬಂದವರಿಗೆ ಯಾರಾದರೂ ‘ಪೈಪ್ ಒಡ್ದೋರ ಮನೇನಾ? ಅಗೋ ಅಲ್ಲಿ’ ಎಂದು ಕೈ ತೋರಿಸಿದರೆ ಗತಿಯೇನು?

ನೀರು ಬಿಡುವವನನ್ನು ಕರೆಸಿ ಕೇಳಿದೆ. ಅವನು ಅಂಗಳವನ್ನೆಲ್ಲ ನೋಡಿ, ಕಾಲಿನಲ್ಲಿ ಮೂರು ಕಡೆ ತೋರಿಸಿ, “ಇಲ್ಲೇ ಎಲ್ಲೋ ಇರ್ಬೇಕು ಕಣ್ರೀ. ನಾನು ಕೆಲ್ಸಕ್ಕೆ ಬರೋಕ್ ಮುಂಚೆ ಹೂತಿರೋದು” ಎಂದು ಕಾಫಿ ಕುಡಿದು ಹೋದ. ಕಮಲ, “ನಮ್ಮಪ್ಪ ಬಂದು ಸಸಿ ಎಲ್ಲಮ್ಮ ಅಂದ್ರೆ ಏನ್ರೀ ಹೇಳ್ಲಿ? ಹೆದ್ರುಕೊಂಡು ಕುಂತವ್ರೆ ಅನ್ಲಾ?” ಎಂದಳು.

ಉಪಾಯ ಹೊಳೆದದ್ದು ಮಂಡಿಯಲ್ಲಿ. ಅಟ್ಟದ ಮೇಲಿಟ್ಟ ಕಾಯಿ ಒಣಗಿ ಕೊಬ್ಬರಿಯಾಯಿತೋ ಇಲ್ಲವೋ ಎಂದು ನಾವು ಒಡೆದು ನೋಡುವುದಿಲ್ಲ, ಕಿವಿಯ ಹತ್ತಿರ ಅಲ್ಲಾಡಿಸುತ್ತೇವೆ. ಗಡಗಡ ಎಂದರೆ ಕೊಬ್ಬರಿ, ಕುಲುಕು ನೀರಿನ ಸದ್ದಾದರೆ ಇನ್ನೂ ಕಾಯಬೇಕು. ಕಾಯಿಯೊಳಗಿನ ನೀರು ಕೇಳಿಸುವ ಕಿವಿಗೆ ನೆಲದೊಳಗಿನ ನೀರು ಕೇಳಿಸದೇ? ನೆಲವನ್ನು ಅಲ್ಲಾಡಿಸಲಾಗದು ಎಂಬುದೊಂದೇ ತೊಡಕು.

ಮರುದಿನ ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಪಂಚೆ ಎತ್ತಿಕಟ್ಟಿ, ಹಿತ್ತಾಳೆ ಲೋಟ ಬೋರಲು ಹಾಕಿ, ಅದರ ತಳಕ್ಕೆ ಕಿವಿಯಿಟ್ಟು ಅಂಗಳದಲ್ಲಿ ಉದ್ದಕ್ಕೆ ಮಲಗಿದೆ. ಕಣ್ಣು ಮುಚ್ಚಿದರೆ ಚೆನ್ನಾಗಿ ಕೇಳುತ್ತದೆಂದು ಮುಚ್ಚಿದೆ, ಅದೇ ತಪ್ಪಾಯಿತು. “ಅಯ್ಯೋ, ರೈಟ್ರು ಬಿದ್ದೋದ್ರು ಬನ್ರಪ್ಪೋ” ಎಂದು ಶಿವಣ್ಣ ಕೂಗಿದ್ದು ಕೇಳಿಸಿತು. ನಾನು ಕಣ್ಣು ಬಿಡುವಷ್ಟರಲ್ಲಿ ಅರ್ಧ ಬೀದಿ ಸುತ್ತ ನಿಂತಿತ್ತು, ಯಾರೋ ನನ್ನ ಮುಷ್ಟಿಯೊಳಗೆ ಬೀಗದ ಕೈಗೊಂಚಲು ತುರುಕಿದ್ದರು. “ಫಿಟ್ಸ್ ಅಲ್ಲ ಕಣ್ರೀ, ಪೈಪು ಹುಡುಕ್ತಾವ್ರೆ” ಎಂದು ಕಮಲ ವಿವರಿಸಿದಳು. ಫಿಟ್ಸೇ ಆಗಿದ್ದರೆ ಇದಕ್ಕಿಂತ ಮರ್ಯಾದೆಯಿತ್ತು.

ಆದರೂ ಬಿಡಲಿಲ್ಲ. ದಾಸವಾಳದ ಗಿಡದ ಪಕ್ಕ ಲೋಟದೊಳಗೆ ಸಣ್ಣಗೆ ಗುಳುಗುಳು ಕೇಳಿಸಿತು. ಸದ್ದು ಹೋದ ದಾರಿಯಲ್ಲೇ ತೆವಳುತ್ತ ರಂಗೋಲಿ ಪುಡಿಯಲ್ಲಿ ಗೆರೆ ಎಳೆದೆ. ಗೆರೆಯಿಂದ ದೂರಕ್ಕೆ, ಬಚ್ಚಲ ಮೂಲೆಗೆ, ಗುಂಡಿ ತೋಡಲು ಕೂಲಿಯಾಳು ಹನುಮಯ್ಯನಿಗೆ ಹೇಳಿದೆ. ಅವನು ಸೊಂಟದಾಳ ಇಳಿದಿದ್ದ. ಹಾರೆ ಠಣ್ ಎಂದಿತು.

ನನ್ನ ಎದೆ ಕೊಬ್ಬರಿಯ ಹಾಗೆ ಗಡಗಡ ಎನ್ನುತ್ತಿತ್ತು. ಕಾಂಪೌಂಡಿನ ಮೇಲೆ ಗದ್ದ ಊರಿದ್ದ ಶಿವಣ್ಣ, “ಆಯ್ತಾ ರೈಟ್ರೇ?” ಎಂದರು. ಆ ದನಿಯಲ್ಲಿ ಎಷ್ಟು ಪ್ರೀತಿಯಿತ್ತೆಂದರೆ, ಜೊತೆಗೊಬ್ಬ ಸಿಕ್ಕಿದ ಎಂದು ಅವರ ಜೀವ ಹಿಗ್ಗಿದ್ದು ನನಗೆ ತಿಳಿಯಿತು. ನಾನೇ ಗುಂಡಿಗಿಳಿದು ಕೈಯಲ್ಲಿ ಮಣ್ಣು ಬಳಿದೆ. ಕಪ್ಪಗೆ, ಗುಂಡಗೆ, ತಣ್ಣಗೆ ಇತ್ತು. ಇನ್ನಷ್ಟು ಬಳಿದರೆ, ಯಾವ ಪುಣ್ಯಾತ್ಗಿತ್ತಿಯೋ ಎಸೆದ ರುಬ್ಬುಗುಂಡು. “ನಲ್ಲಿ ನೋಡೇ” ಎಂದೆ. “ಜೋರಾಗೇ ಬತ್ತೈತೆ ಕಣ್ರೀ” ಎಂದಳು ಕಮಲ. ನನಗೆ ಅಳು ಬರುವಷ್ಟು ಸಂತೋಷವಾಯಿತು. ಗುಂಡಿಯ ಬುಡಕ್ಕೆ ಉಪ್ಪು ಹಾಕಿ ಸಸಿ ನೆಟ್ಟು, ಆ ದಿನ ಎರಡು ಸಲ ಊಟ ಮಾಡಿ ಮಲಗಿದೆ. ಮಗಳ ಹೆಸರೂ ಉಳಿಯಿತು, ನನ್ನದೂ ಉಳಿಯಿತು ಎಂದುಕೊಂಡೆ.

ಮೊನ್ನೆ ಶಿವಣ್ಣ ಬಾಗಿಲಿಗೆ ಬಂದರು. ಎರಡನೇ ಮಗಳ ಮದುವೆ, ಚಪ್ಪರಕ್ಕೆ ಕಂಬ ನೆಡಬೇಕು. ಸಂಕೋಚದಿಂದ ತಲೆ ಕೆರೆದುಕೊಂಡು, “ನೆಲಗಿವಿ ರೈಟ್ರೇ, ನಾಳೆ ಬೆಳಿಗ್ಗೆ ನೀರು ಬಿಟ್ಟಾಗ ನಮ್ಮನೆ ಮುಂದೆ ಒಸಿ ಮಲಿಕ್ಕೊಳ್ರೀ” ಎಂದರು. ನನ್ನ ಹೊಸ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಇಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ, ಒಳಗಿನಿಂದ ಕಮಲ ಆ ಹಿತ್ತಾಳೆ ಲೋಟವನ್ನೂ ಹಾಸಿಕೊಳ್ಳಲು ಒಂದು ಗೋಣಿಚೀಲವನ್ನೂ ತಂದು ನನ್ನ ಪಕ್ಕದಲ್ಲಿಟ್ಟಳು.