ಮಾವನ ಸುಂಕದ ಕಟ್ಟೆ

ರೋಗಿಯನ್ನು ನೋಡಲು ಬಂದು ರೋಗಿಯ ಮುಖವನ್ನೇ ನೋಡದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವನು ನನ್ನ ಸೋದರಮಾವ, ಅವ್ವನ ಅಣ್ಣ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿದ್ದ. ನಾಜೂಕು ಎಂಬುದನ್ನು ಭತ್ತದ ಹೊಟ್ಟಿನ ಜೊತೆ ಎಂದೋ ತೂರಿಬಿಟ್ಟಿದ್ದ!

ನಮ್ಮ ಮನೆ ಹೊಸಪೇಟೆಯಲ್ಲಿ. ಅಪ್ಪನದು ಬೆಲ್ಲದ ವ್ಯಾಪಾರ. ಒಮ್ಮೆ ಮಣಭಾರದ ಬೆಲ್ಲದ ಪೆಂಟೆ ಎತ್ತಲು ಹೋದಾಗ ಸೊಂಟದಲ್ಲಿ ಹಿಡಿದುಕೊಂಡ ನೋವು ಕಾಲಿಗಿಳಿದು, ವರ್ಷಾನುಗಟ್ಟಲೆ ಅಲ್ಲೇ ಬಿಡಾರ ಹೂಡಿತು. ಬಳ್ಳಾರಿಯ ಡಾಕ್ಟರು ಮುಟ್ಟಿ ನೋಡಿ, ಇದು ಸಾಯಿಸುವ ನೋವಲ್ಲ ಎಂದು ಧೈರ್ಯ ಹೇಳಿದರು. ಅಪ್ಪನನ್ನೇನೋ ಸಾಯಿಸಲಿಲ್ಲ, ನಿಜ. ಅವ್ವನ ಗತಿ ಏನೆಂದು ಡಾಕ್ಟರನ್ನು ಯಾರೂ ಕೇಳಲಿಲ್ಲ. ಮರಳು ಹುರಿದು ಗಂಟು ಕಟ್ಟಿ ಶಾಖ ಕೊಡುವುದು, ಎಣ್ಣೆ ತಿಕ್ಕುವುದು, ಮಗ್ಗುಲು ಬದಲಿಸುವುದು, ಬೈಸಿಕೊಳ್ಳುವುದು, ಎಲ್ಲ ಅವಳದೇ. ನಾನು ಶಾಖದ ಗಂಟು ಹಿಡಿದರೆ ಅಪ್ಪ, "ನಿನ್ನ ಕೈ ಬ್ಯಾಡ, ನಿಮ್ಮವ್ವನ್ನ ಕರಿ" ಎನ್ನುತ್ತಿದ್ದ. ಅವಳು ಬಾವಿಗೆ ಹೋದರೆ ಕೊಡ ತುಂಬುವ ಮೊದಲೇ ಒಳಗಿನಿಂದ ಕೂಗು ಬರುತ್ತಿತ್ತು.

ಇದರ ಮೇಲೆ ನೋಡಲು ಬರುವವರ ದಂಡು. ಬಂದವರು ಸುಮ್ಮನೆ ಹೋಗುತ್ತಾರೆಯೇ? ಕಾಫಿ ಕುಡಿದು, ಒಂದೊಂದು ಔಷಧಿ ಹೇಳಿ ಹೋಗುತ್ತಾರೆ. ಒಬ್ಬರದು ಸಂಡೂರು ಗುಡ್ಡದ ಬೇರು, ಇನ್ನೊಬ್ಬರದು ಎಕ್ಕೆಯ ಎಲೆ. ಅರೆಯುವವಳು ಯಾರು? ಅವ್ವ. ನೋವು ಹೋಗದಿದ್ದರೆ ಸರಿಯಾಗಿ ಅರೆದಿಲ್ಲ ಎನ್ನಿಸಿಕೊಳ್ಳುವವಳು? ಅವಳೇ!

ಅದು ಯುದ್ಧದ ಕಾಲ, ಪೆಟ್ರೋಲಿಗೆ ಬರ. ಇದ್ದಿಲಿನ ಹೊಗೆಯಿಂದ ಓಡುವ ಬಸ್ಸಿನಲ್ಲಿ ಮಾವ ಕಂಪ್ಲಿಯಿಂದ ಮಸಿ ಮುಖ ಹೊತ್ತು ಬಂದ. ಕೈಯಲ್ಲಿ ಮೋಸಂಬಿಯ ಚೀಲ. ಅಪ್ಪ ಮಲಗಿದ್ದಲ್ಲಿಂದಲೇ ಕೈ ಚಾಚಿದ.

"ಇವು ನಿಮಗಲ್ರಿ ಸಾವ್ಕಾರ್ರ. ನಿಮ್ಮ ನೋವು ಹೊರೂ ಎತ್ತಿಗೆ!" ಎಂದವನೇ ಮಾವ ಅಡಿಗೆಮನೆಗೆ ನಡೆದ.

ಅಲ್ಲಿ ಅವ್ವ ಗೋಡೆಗೆ ಒರಗಿ ನಿಂತಲ್ಲೇ ನಿದ್ದೆ ಹೋಗಿದ್ದಳು. ಬಂದವರಿಗೆಂದು ಇಟ್ಟ ಹಾಲು ಉಕ್ಕಿ ಒಲೆ ಆರಿಸಿತ್ತು. ಮಾವ ಒಂದು ಗಳಿಗೆ ನೋಡಿ, ಮೋಸಂಬಿ ಅಲ್ಲೇ ಇಟ್ಟು, ಹೊರಗೆ ಬಂದು ಬಾಗಿಲ ಕಟ್ಟೆಯ ಮೇಲೆ ಸುಂಕದವನಂತೆ ಕುಳಿತುಬಿಟ್ಟ.

ಮೊದಲು ಸಿಕ್ಕವರು ಎದುರುಮನೆಯ ಗೌರಮ್ಮ.

"ಏನ್ರಿ, ಯಾರ್ನ ನೋಡಾಕ ಬಂದ್ರಿ?"

"ಸಾವ್ಕಾರ್ರನ್ನ ಒಂದೀಟು ಮಾತಾಡಿಸಿ ಹೋಗಾಣಂತ."

"ಅದಕ್ಕೇನ್ರಿ, ಮಾತಾಡಸ್ರಿ. ಕೊಡ ಇಲ್ಲೈತಿ, ಬಾವಿ ಹಿತ್ತಲದಾಗೈತಿ. ಹಂಡೇವು ತುಂಬಿಸಿ ಒಳಗ ಬರ್ರಿ."

ಗೌರಮ್ಮ ತಮಾಷೆ ಎಂದು ನಕ್ಕರು. ಮಾವ ನಗದೆ ಕೊಡವನ್ನು ಅವರ ಕೈಗಿತ್ತ.

ಆಮೇಲೆ ಬಂದವರು ನಿವೃತ್ತ ತಹಶೀಲ್ದಾರರು. ಬೆಳ್ಳುಳ್ಳಿ, ಒಣಮೆಣಸಿನಕಾಯಿ ನುಣ್ಣಗೆ ಅರೆದು ಸೊಂಟಕ್ಕೆ ಪಟ್ಟು ಹಾಕಬೇಕೆಂದು ಹುಕುಂ ಮಾಡಿದರು.

"ಭಾಳ ಚಲೋ ಔಷಧರಿ! ಒಳಕಲ್ಲು ಅಲ್ಲೈತಿ, ಕುಂದ್ರಿ, ಅರೀರಿ. ಮೊದಲ ನಿಮ್ಮ ಸೊಂಟಕ್ಕ ಹಚ್ಚಿ ನೋಡೂಣು."

ತಹಶೀಲ್ದಾರರು ಕೈಕೋಲನ್ನೂ ಮರೆತು ನಡೆದರು. ಆ ಕೋಲು ಮರಳು ಕೆದರಲು ಬಹಳ ಅನುಕೂಲವಾಯಿತು.

ಊರಲ್ಲಿ ಸುದ್ದಿ ಹಬ್ಬಿ ಜನ ಬರುವುದೇ ನಿಂತಿತು. "ಅಣ್ಣಾ, ಮಂದಿ ಏನಂದಾರು?" ಎಂದು ಅವ್ವ ಕಣ್ಣೀರು ಹಾಕಿದಳು.

"ಏನರ ಅನ್ಲಿ. ಅವರವರ ಮನ್ಯಾಗ, ಅವರವರ ಕಾಫಿ ಕುಡಕೊಂತ ಅನ್ಲಿ!"

ಗೌರಮ್ಮ ಮಾತ್ರ ಮರುದಿನವೂ ಬಂದು, ಗೊಣಗುತ್ತಲೇ ನೀರು ಸೇದಿದರು. ಎದುರುಮನೆಯ ಸಮಾಚಾರ ತಿಳಿಯದೆ ಬದುಕುವುದಾದರೂ ಹೇಗೆ?

ಅವತ್ತೇ ಮಾವ ಅಪ್ಪನಿಗೆ ಘೋಷಿಸಿದ: "ನಾಳೆ ತಂಗಿ ಹಂಪಿಗೆ ಹೋಗಿ ವಿರೂಪಾಕ್ಷನ್ನ ನೋಡ್ಕೊಂಡು ಬರ್ತಾಳ. ಗೌರಮ್ಮಾರು ಜೋಡಿ ಹೋಗ್ತಾರ."

"ಅಕಿ ಹ್ವಾದ್ರ ನನ್ನ ಗತಿ?"

"ನಾನು ಅದೀನಲ್ಲರಿ!"

"ಅದಕ್ಕ ಕೇಳಿದ್ದು!" ಎಂದ ಅಪ್ಪ.

ಬೆಳಿಗ್ಗೆ ಅವ್ವ ಗಾಡಿ ಹತ್ತಿದ್ದಲ್ಲ, ಮಾವ ಹತ್ತಿಸಿದ್ದು. ಅವಳು ತಿರುಗಿ ತಿರುಗಿ ನೋಡುತ್ತಲೇ ಹೋದಳು. ಆಮೇಲೆ ಶುರುವಾಯಿತು ನೋಡಿ ಮಾವನ ಶುಶ್ರೂಷೆ! ಮೊದಲ ಶಾಖಕ್ಕೇ ಅಪ್ಪ ಚೀರಿದ: "ಸುಟ್ಯಲ್ಲೋ! ನಿನ್ನ ಗಿರಣಿ ಭತ್ತ ಅಂತ ತಿಳಿದೀಯೇನು?" ಎರಡನೆಯದು ತಣ್ಣಗಾಗಿತ್ತು. ಎಣ್ಣೆ ತಿಕ್ಕಿದ್ದು ಸರಿಯಾದ ಕಾಲಿಗಲ್ಲ. ಇಬ್ಬರೂ ಮಧ್ಯಾಹ್ನದವರೆಗೆ ಬೈದಾಡಿದರು. ನಾನು ನಡುವೆ ಮರಳು ಹುರಿಯುತ್ತಾ, ನಗಲೂ ಆಗದೆ ಒದ್ದಾಡಿದೆ.

ಮಧ್ಯಾಹ್ನದ ಮೇಲೆ ನಿಜವಾದ ನೋವೇ ಬಂತು. ಅಪ್ಪನಿಗೆ ಬೈಯಲೂ ಉಸಿರಿರಲಿಲ್ಲ. ಮಾವ ಕೈ ಬಿಡದೆ ತಿಕ್ಕಿದ, ಶಾಖ ಕೊಟ್ಟ, ಮಗ್ಗುಲು ಹೊರಳಿಸಿದ, ಮತ್ತೆ ತಿಕ್ಕಿದ. ನೋವು ಸ್ವಲ್ಪ ಇಳಿದಾಗ, ಅಕ್ಕಿ ಮೂಟೆಯನ್ನು ಒಂದೇ ಹೆಗಲಿಗೆ ಎಸೆದುಕೊಳ್ಳುತ್ತಿದ್ದ ಆ ಗಟ್ಟಿ ಆಳು ಗೋಡೆಗೆ ಒರಗಿ ಕುಸಿದು ಕುಳಿತ.

"ರಟ್ಟಿ ಬಿದ್ದು ಹ್ವಾದುವಲ್ಲೇ... ಇಕಿ ದಿನಾ ಹೆಂಗ ಮಾಡ್ತಾಳೋ!"

ಅಪ್ಪ ಜಂತೆ ನೋಡುತ್ತಾ ಮಲಗಿಬಿಟ್ಟ.

ದೀಪ ಹಚ್ಚುವ ಹೊತ್ತಿಗೆ ಗಾಡಿ ಬಂತು. ಅವ್ವನ ಕೆನ್ನೆಯ ಮೇಲೆ ಸೆರಗಿನ ಅಂಚು ಒತ್ತಿ ಮೂಡಿದ ಗೆರೆಗಳಿದ್ದವು. "ದರ್ಶನ ಆತೇನವ್ವಾ?" ಎಂದು ಕೇಳಿದೆ. ಅವಳು ಬಾಯಿ ಬಿಡಲಿಲ್ಲ. ಗೌರಮ್ಮ ಬಿಟ್ಟರು.

"ಎಲ್ಲಿ ದರ್ಶನ! ಮಂಟಪದಾಗ ಒಂದೀಟು ಕುಂದ್ರತೀನಿ ಅಂದ್ಲು. ಕುಂತಾಕಿ ಮಲಗಿದ್ಲು. ಹೊತ್ತು ಇಳಿಯೂತನಕ ಏಳಲಿಲ್ಲ ನೋಡ್ರಿ! ಎಬ್ಬಸಾಕ ಮನಸ್ಸಾಗ್ಲಿಲ್ಲ. ನಾನು ಮಂಗ್ಯಾ ಓಡಿಸ್ಕೊಂತ ಕುಂತೆ. ಪೂಜೆಗೆ ಒಯ್ದ ಬಾಳೆಹಣ್ಣೂ ಹ್ವಾದುವು!"

ಅವ್ವ ಕಳ್ಳತನದಲ್ಲಿ ಸಿಕ್ಕವಳಂತೆ ತಲೆ ತಗ್ಗಿಸಿ ನಿಂತಳು. ಗಂಡನನ್ನು ನೋವಿನಲ್ಲಿ ಬಿಟ್ಟು ಹೋದವಳು, ದೇವರ ಬಾಗಿಲಿಗೆ ಹೋಗಿ ನಿದ್ದೆ ಮಾಡಿ ಬಂದಿದ್ದಾಳೆ! ಅಪ್ಪನ ಆರ್ಭಟ ಇನ್ನೇನು ಶುರುವಾಯಿತೆಂದು ನಾವೆಲ್ಲ ಮೈ ಬಿಗಿಹಿಡಿದೆವು.

ಅಪ್ಪ ಅವಳ ಮುಖವನ್ನು ಬಹಳ ಹೊತ್ತು ನೋಡಿದ.

"ಹಂಗಾರ ದರ್ಶನ ಆಗ್ಲಿಲ್ಲನ್ನು. ನಾಳೆ ಮತ್ತ ಹೋಗಿ ಬಾ."

ಅವ್ವ ಹೊಸ್ತಿಲ ಮೇಲೆ ಕುಳಿತು ಗಳಗಳ ಅತ್ತಳು. ಮಾವ ಸೋತ ರಟ್ಟೆಗಳನ್ನು ಜೋತಾಡಿಸುತ್ತಾ ಬೀದಿಗೆ ಓಡಿದ.

"ಏ ಗಾಡ್ಯಾವ! ನಾಳೆ ಮುಂಜಾನೆ ಮತ್ತ ಬಾರಲೇ..."

ಕೂಗು ನಡುವೆಯೇ ಒಡೆದು ಅಳುವಾಯಿತು. ಆ ಒರಟನನ್ನು ನಾನು ಎಷ್ಟು ಪ್ರೀತಿಸುತ್ತೇನೆಂದು ನನಗೆ ಆವರೆಗೆ ಗೊತ್ತಿರಲಿಲ್ಲ.