ಅತ್ತೆಯ ಕಾಶಿಯಾತ್ರೆಗೆ ಅಡ್ಡ ಬಂದ ನನ್ನ ಅಡುಗೆ

ಬೇರೆಯವರ ಮನೆಗಳಲ್ಲಿ ಎಡವಟ್ಟು ಯಾವಾಗಲೋ ಒಮ್ಮೆ ಆಗುತ್ತದಂತೆ. ನಮ್ಮಲ್ಲಿ ಹಾಗಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಕಾಲಿಟ್ಟರೆ ಸಾಕು, ನನ್ನ ಹಿಂದೆಯೇ ಅದೂ ಒಳಗೆ ಬರುತ್ತದೆ.

ಸಾಸಲು ಕಡೆಯ ಒಂದು ಹಳ್ಳಿಯಲ್ಲಿ ನಮ್ಮದು ಕೂಡು ಕುಟುಂಬ. ಅತ್ತೆ, ಮಾವ, ಅವರ ಮೂವರು ಗಂಡುಮಕ್ಕಳು, ನಾವು ಮೂವರು ಸೊಸೆಯರು, ಮಾವನ ತಮ್ಮನ ಸಂಸಾರ, ಮಕ್ಕಳು ಮರಿ ಎಲ್ಲ ಸೇರಿ ಊಟಕ್ಕೆ ಕೂತರೆ ಹದಿನೇಳು ತಟ್ಟೆ. ರಾಗಿ, ಕಾಳು, ತರಕಾರಿ, ಹಾಲು ಎಲ್ಲ ಮನೆಯದ್ದೇ. ಅಂಗಡಿಯಿಂದ ಬರುವುದು ಉಪ್ಪು, ಎಣ್ಣೆ, ಸಕ್ಕರೆ, ಕಾಫಿಪುಡಿ ಇಂಥವು ಮಾತ್ರ. ನಾನೋ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿನ ನಡುವೆ ಬೆಳೆದವಳು. ಅಪ್ಪ, ಅಮ್ಮ, ತಮ್ಮ, ನಾನು, ಅಷ್ಟೇ ಜನ. ಬೇಳೆ ಮುಗಿದರೆ ಬೀದಿ ಕೊನೆಯ ಅಂಗಡಿಯಿಂದ ಅರ್ಧ ಕೆಜಿ ತರುವುದು, ಅದು ಮುಗಿದರೆ ಮತ್ತೆ ಅರ್ಧ ಕೆಜಿ. ಮದುವೆಯಾಗಿ ಬಂದ ಹೊಸದರಲ್ಲಿ ಇಲ್ಲಿನ ಉಗ್ರಾಣದಲ್ಲಿ ಸಾಲಾಗಿ ನಿಂತಿದ್ದ ಮೂಟೆಗಳನ್ನು ನೋಡಿ, "ಇದೆಲ್ಲ ಮಾರೋಕಾ ಅತ್ತೆ?" ಎಂದು ಕೇಳಿದ್ದೆ.

"ಅಲ್ಲ ಕಣಮ್ಮಾ, ನಾವು ತಿನ್ನೋಕೆ. ಇದೂ ಸಾಲದು" ಎಂದಿದ್ದರು.

ಅತ್ತೆಗೆ ಇದ್ದುದು ಒಂದೇ ಆಸೆ. ಊರಿನ ಹೆಂಗಸರು ಪ್ರತಿ ವರ್ಷ ಬೇಸಿಗೆಯಲ್ಲಿ ಗುಂಪು ಕಟ್ಟಿಕೊಂಡು ಕಾಶಿಗೆ ಹೋಗುತ್ತಾರೆ. ತಾನೂ ಒಮ್ಮೆ ಹೋಗಿ ಬರಬೇಕು ಎಂದು ಅವರು ಹಂಬಲಿಸುತ್ತಿದ್ದರು. ತವರಿಗೆ ಹೋದರೂ ಒಂದು ರಾತ್ರಿಗಿಂತ ಹೆಚ್ಚು ನಿಂತವರಲ್ಲ. ಅವರು ಅಷ್ಟು ದಿನ ಮನೆ ಬಿಡಬೇಕೆಂದರೆ ಅಡುಗೆಮನೆ, ಉಗ್ರಾಣ ಎರಡನ್ನೂ ಯಾರಾದರೂ ನಿಭಾಯಿಸಬೇಕು. ಇನ್ನಿಬ್ಬರು ಸೊಸೆಯರು ಬೆಳಿಗ್ಗೆಯೇ ಗಾರ್ಮೆಂಟ್ಸ್ ಬಸ್ಸು ಹತ್ತುವವರು. ಉಳಿದವಳು ಹಿರಿಸೊಸೆಯಾದ ನಾನು. ಅತ್ತೆಗೆ ಕಾಶಿ ಎಷ್ಟು ದೂರ ಎಂದು ಗೊತ್ತಾದದ್ದು ನನಗೆ ಕೆಲಸ ಕಲಿಸಲು ಶುರು ಮಾಡಿದ ಮೇಲೆ.

ಮಿಲ್ಲಿನ ಒಳ್ಳೆಯ ಜನ

ಮೊದಲ ಪರೀಕ್ಷೆ ರಾಗಿ ಹಿಟ್ಟು ಮಾಡಿಸಿಕೊಂಡು ಬರುವುದು. ಗಂಡನ ಜೊತೆ ಬೈಕಿನಲ್ಲಿ ಮೂಟೆ ಹೇರಿಕೊಂಡು ಮಿಲ್ಲಿಗೆ ಹೋದೆ. ಐದಾರು ಹೆಂಗಸರು ರಾಗಿ ಚೀಲ ಪಕ್ಕದಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದರು. ಇವತ್ತು ಮಧ್ಯಾಹ್ನದ ಅಡುಗೆ ಆದಂತೆಯೇ ಎಂದುಕೊಂಡೆ.

ಅಷ್ಟರಲ್ಲಿ ಒಬ್ಬಾಕೆ, "ಬನ್ನಿ ಅಕ್ಕಾ, ನೀವೇ ಮೊದ್ಲು ಹಾಕಿಸ್ಕೊಳಿ" ಎಂದಳು.

"ಅಯ್ಯೋ, ನೀವು ಆಗಲೇ ಬಂದು ಕೂತಿದೀರ."

"ಇರ್ಲಿ ಬಿಡಿ, ನಮಗೇನೂ ಅರ್ಜೆಂಟಿಲ್ಲ" ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಒಬ್ಬಾಕೆಯಂತೂ ಎದ್ದು ಬಂದು ಮೂಟೆ ಎತ್ತಿ ಸುರಿಯಲೂ ಕೈ ಕೊಟ್ಟಳು. ನನಗೆ ಕಣ್ಣು ತುಂಬಿ ಬಂತು. ಪೇಟೆಯಲ್ಲಿ ನಲ್ಲಿ ಮುಂದೆ ಕೊಡಕ್ಕೆ ಕೊಡ ತಗುಲಿದರೆ ಜಗಳ. ಹಳ್ಳಿ ಜನ ಅಂದರೆ ಹೀಗಿರಬೇಕು ಎಂದು ದಾರಿಯುದ್ದಕ್ಕೂ ಗಂಡನಿಗೆ ಹೇಳಿಕೊಂಡು ಬಂದೆ.

ಮಧ್ಯಾಹ್ನ ಮುದ್ದೆ ಬಡಿಸಿದೆ. ಮೊದಲ ತುತ್ತಿಗೆ ಮಕ್ಕಳು ನೀರು ಕೇಳಿದವು. ಚಿಕ್ಕಮಾವ ಮೂಗು ಒರೆಸಿಕೊಂಡರು. ನನ್ನ ಗಂಡ ಮಜ್ಜಿಗೆಗೆ ಕೈ ಚಾಚಿದರು. ಅತ್ತೆ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದು ಮೂಸಿದವರೇ ಸರಣಿಯಾಗಿ ಸೀನತೊಡಗಿದರು. ಆಮೇಲೆ ಗೊತ್ತಾಯಿತು. ಅವತ್ತು ಮೆಣಸಿನಕಾಯಿ ಮಿಷನ್ ಕೆಟ್ಟಿತ್ತಂತೆ, ಯಾರೋ ಮದುವೆ ಮನೆಯವರ ಖಾರದ ಪುಡಿಯನ್ನು ರಾಗಿ ಮಿಷನ್ನಿಗೇ ಹಾಕಿದ್ದರಂತೆ. ಆ ಖಾರವನ್ನೆಲ್ಲ ತಮ್ಮ ರಾಗಿಯಲ್ಲಿ ಒರೆಸಿಕೊಂಡು ಹೋಗುವ ಪುಣ್ಯಾತ್ಮರಿಗಾಗಿ ಆ ಹೆಂಗಸರೆಲ್ಲ ಕಾದು ಕೂತಿದ್ದರು.

ಮಾವ ಬೆವರು ಒರೆಸಿಕೊಳ್ಳುತ್ತ, "ಸಾರು ಯಾಕಮ್ಮಾ ಮಾಡಕ್ಕೋದೆ? ಬರೀ ಮುದ್ದೆ ಇಟ್ಟಿದ್ರೆ ಸಾಕಾಗಿತ್ತಲ್ಲ" ಎಂದರು.

ಆ ವಾರ ಕಾಶಿಗೆ ಹೆಸರು ಬರೆಸಿಕೊಳ್ಳಲು ಬಂದವರಿಗೆ ಅತ್ತೆ ಹೇಳಿದ್ದು ಇಷ್ಟೇ: "ಈ ವರ್ಷ ಬೇಡ ಕಣ್ರವ್ವಾ. ಕಾಶಿ ಎಲ್ಲೂ ಓಡೋಗಲ್ಲ. ಈ ಹಿಟ್ಟು ಮುಗಿಯೋ ತನಕ ನಾನು ಇಲ್ಲೇ ಇರ್ಬೇಕು."

ಮೊಬೈಲಿನಲ್ಲಿ ಮತದಾನ

ಅವರೆಕಾಯಿ ಕಾಲ ಬಂತೆಂದರೆ ಬೆಂಗಳೂರಿನವರಿಗೆ ಸಂಭ್ರಮ. ಅವರು ತೂಗಿಸಿಕೊಂಡು ಹೋಗಿ ತಿನ್ನುತ್ತಾರೆ. ನಮ್ಮ ಮನೆಗೆ ಹೊಲದಿಂದ ಅದು ಗೋಣಿಚೀಲದಲ್ಲಿ ಬರುತ್ತದೆ. ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಅವರೆಕಾಳು ಸಾರು, ರಾತ್ರಿ ಹಿದಕಿದಬೇಳೆ. ಟಿವಿ ನೋಡುವಾಗಲೂ ಎಲ್ಲರ ಮಡಿಲಲ್ಲಿ ಅವರೆಕಾಯಿ. ಒಂದು ತಿಂಗಳು ಹೀಗೇ ನಡೆದ ಮೇಲೆ ಮಕ್ಕಳು ತಟ್ಟೆ ನೋಡಿ ನಿಟ್ಟುಸಿರು ಬಿಡತೊಡಗಿದವು.

ನಾನು ಬಿಕಾಂ ಓದಿದವಳು. ಆಡಳಿತವೆಂದರೆ ಏನೆಂದು ತೋರಿಸಬೇಕಲ್ಲ? ಮನೆಯ ವಾಟ್ಸಾಪ್ ಗುಂಪಿನಲ್ಲಿ, 'ಭಾನುವಾರ ಏನು ಅಡುಗೆ?' ಎಂದು ವೋಟಿಗೆ ಹಾಕಿದೆ. ಪಲಾವ್, ಪೂರಿ, ಬಿಸಿಬೇಳೆ ಬಾತ್ ಎಂದು ಮೂರು ಆಯ್ಕೆ ಕೊಟ್ಟೆ. ಚಿಕ್ಕ ಮೈದುನ, 'ಅವರೆಕಾಯಿ ಒಂದು ಬಿಟ್ಟು ಏನಾದರೂ' ಎಂದು ನಾಲ್ಕನೆಯದನ್ನು ತಾನೇ ಸೇರಿಸಿದ. ಎಲ್ಲ ವೋಟೂ ಅದಕ್ಕೇ ಬಿತ್ತು.

ಜನರ ತೀರ್ಪಿಗೆ ತಲೆಬಾಗಿ ಭಾನುವಾರ ಅಷ್ಟೂ ಜನಕ್ಕೆ ಗೋಬಿ ಮಂಚೂರಿ ಮಾಡಿದೆ. ಹೂಕೋಸು ಬಿಡಿಸಿ, ಕರಿದು, ಒಲೆ ಮುಂದೆ ನಿಂತೂ ನಿಂತೂ ನನ್ನ ಮುಖವೂ ಅದೇ ಬಣ್ಣಕ್ಕೆ ತಿರುಗಿತ್ತು. ಮಕ್ಕಳು ಕುಣಿದಾಡಿದವು. ಸ್ಮಾರ್ಟ್‌ಫೋನ್ ಇಲ್ಲದ, ಗುಂಪಿನಲ್ಲೂ ಇಲ್ಲದ ಮಾವ ಮಾತ್ರ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದೆವು.

"ಚೆನ್ನಾಗೈತೆ ಕಣಮ್ಮಾ" ಎಂದರು ಕೊನೆಗೆ. "ಒಂದು ಹಿಡಿ ಅವರೆಕಾಳು ಹಾಕಿದ್ರೆ ಇನ್ನೂ ಚೆನ್ನಾಗಿರೋದು."

ಅತ್ತೆ ಒಳಗೆ ಹೋಗಿ ಅವರಿಗೆ ಮುದ್ದೆ, ಅವರೆಕಾಳು ಸಾರು ತಂದು ಬಡಿಸಿದರು. ಮೊದಲೇ ಮಾಡಿ ಮುಚ್ಚಿಟ್ಟಿದ್ದರು. ಅವರೆಕಾಯಿ ಬೇಡವೆಂದು ವೋಟು ಹಾಕಿದವರೆಲ್ಲ ಒಬ್ಬೊಬ್ಬರಾಗಿ ಆ ಪಾತ್ರೆಯ ಕಡೆಗೇ ಸರಿದರು.

ಹಳ್ಳಿ ಹಾಲಿನ ರುಚಿ

ಚಿಕ್ಕಮಾವನ ಮಗಳನ್ನು ನೋಡಲು ಬೆಂಗಳೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಬೆಳಗಿನಿಂದ ಮನೆ ಸಾರಿಸಿ ಒರೆಸುವ ಗಡಿಬಿಡಿಯಲ್ಲಿ, ಮನೆಗೆಂದು ಎತ್ತಿಡಬೇಕಿದ್ದ ಹಾಲನ್ನೂ ಕ್ಯಾನಿಗೆ ಸುರಿದು ಡೈರಿಗೆ ಕಳಿಸಿಬಿಟ್ಟೆ. ಕಾರು ಬಂದು ಬಾಗಿಲಲ್ಲಿ ನಿಂತಾಗ, ನಾಲ್ಕು ಕರೆಯುವ ಹಸು ಇದ್ದ ಮನೆಯಲ್ಲಿ ಕಾಫಿಗೆ ಒಂದು ಹನಿ ಹಾಲಿರಲಿಲ್ಲ. ಹಿತ್ತಲ ಬಾಗಿಲಿನಿಂದ ಓಡಿಹೋಗಿ ಬಸ್‌ಸ್ಟಾಪಿನ ಅಂಗಡಿಯಿಂದ ಎರಡು ಪ್ಯಾಕೆಟ್ ಹಾಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದೆ.

ಗಂಡಿನ ತಂದೆ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಆಹಾ! ಇದು ಕಣ್ರೀ ಹಾಲು ಅಂದ್ರೆ! ಸಿಟೀಲಿ ಆ ಪ್ಯಾಕೆಟ್ ಹಾಲು ಕುಡಿದೂ ಕುಡಿದೂ ನಾಲಿಗೆನೇ ಸತ್ತೋಗಿದೆ."

ನಾನು ನೆಲ ನೋಡಿದೆ. ಅತ್ತೆ ನನ್ನನ್ನೇ ನೋಡಿ, "ಹೂಂ ಕಣಣ್ಣ, ನಮ್ಮ ಸೊಸೆ ಈಗ್ತಾನೆ ಬಿಸಿಬಿಸಿಯಾಗಿ ಕರ್ಕೊಂಡು ಬಂದ್ಲು" ಎಂದರು.

ಹೊರಡುವಾಗ ಅವರು, ಮನೆಗೆ ಒಯ್ಯಲು ಒಂದು ಬಾಟಲಿ ಹಾಲು ಕೊಡಿ ಎಂದು ಕೇಳಿದರು. ಇನ್ನೊಂದು ಪ್ಯಾಕೆಟ್ಟನ್ನು ಹಿತ್ತಲಲ್ಲಿ ಕತ್ತರಿಸಿ ಬಾಟಲಿಗೆ ತುಂಬಿ ಕೊಟ್ಟೆ. ಹುಡುಗಿ ಒಪ್ಪಿಗೆಯಾದಳು. ಮದುವೆಯಾಗಿ ಇಷ್ಟು ದಿನವಾದರೂ, ಬಂದಾಗಲೆಲ್ಲ ಆ ಬೀಗರು ಖಾಲಿ ಬಾಟಲಿ ತರುತ್ತಾರೆ. ಈಗ ಹಸುವಿನ ಹಾಲನ್ನೇ ಕೊಡುತ್ತೇವೆ. "ಮೊದಲ ಸಲದ ಆ ರುಚಿ ಬರ್ಲಿಲ್ಲ ನೋಡಿ" ಎನ್ನುತ್ತಾರೆ.

ಅಟ್ಟದ ಮೇಲಿನ ಮಡಕೆ

ಹೋದ ವರ್ಷ ಅತ್ತೆ ಗಟ್ಟಿ ಮನಸ್ಸು ಮಾಡಿದರು. "ಏನಾದ್ರೂ ಆಗ್ಲಿ, ಮಂಡಿ ಗಟ್ಟಿ ಇರೋವಾಗ್ಲೇ ಹೋಗ್ಬಂದ್ಬಿಡ್ತೀನಿ" ಎಂದು ಉಗ್ರಾಣದ ಬೀಗದ ಕೈ ನನ್ನ ಕೈಗಿಟ್ಟರು. ಹೊರಡುವ ದಿನ ಬಸ್ಸಿನ ಕಿಟಕಿಯಿಂದಲೇ, ಹಪ್ಪಳ ಎಲ್ಲಿದೆ, ಹುಣಸೆಹಣ್ಣು ಎಲ್ಲಿದೆ, ಹಸುವಿನ ಬೂಸಾ ಎಲ್ಲಿದೆ ಎಂದು ಕೂಗಿ ಹೇಳುತ್ತಿದ್ದರು. ಅವರನ್ನು ಅರ್ಧ ದಾರಿಯಿಂದ ವಾಪಸ್ ಕರೆಸುವಂಥದ್ದೇನೂ ಆಗಕೂಡದು ಎಂದು ನಾನು ದೇವರಿಗೆ ಕೈ ಮುಗಿದೆ.

ಮೊದಲ ಕೆಲವು ದಿನ ಚೆನ್ನಾಗಿಯೇ ನಡೆಯಿತು. ಆಮೇಲೆ ಉಗ್ರಾಣದ ಕಾಳಿನ ಡಬ್ಬಗಳು ಒಂದೊಂದಾಗಿ ಖಾಲಿಯಾದವು. ಅಳತೆಯಲ್ಲಿ ನಾನಿನ್ನೂ ಅರ್ಧ ಕೆಜಿ ಮನೆಯ ಹುಡುಗಿಯೇ. ಅಂಗಡಿಯಿಂದ ಕಾಳು ತಂದರೆ ಊರೆಲ್ಲ ಸುದ್ದಿ. ಅಟ್ಟ ಹತ್ತಿ ಹುಡುಕಿದೆ. ಮೂಲೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಒಂದು ದೊಡ್ಡ ಮಡಕೆ. ಒಳಗೆ ಬೇವಿನ ಸೊಪ್ಪು, ಬೂದಿ, ಅದರಡಿ ದಪ್ಪದಪ್ಪ ಅವರೆಕಾಳು! ನಮ್ಮ ಅತ್ತೆ ಒಳ್ಳೊಳ್ಳೆಯದನ್ನೆಲ್ಲ ಹೇಗೆ ಅಡಗಿಸಿಡುತ್ತಾರೆ ನೋಡು ಎಂದುಕೊಂಡು, ಪೂರ್ತಿ ಬೋರಲು ಹಾಕಿ, ಬೂದಿ ತೊಳೆದು ನೆನೆಹಾಕಿದೆ. ಬಟ್ಟೆಯಲ್ಲಿ ಕಟ್ಟಿಟ್ಟೆ. ಎಂಥ ಮೊಳಕೆ ಅಂತೀರಿ! ಒಂದು ಕಾಳೂ ಸುಮ್ಮನಿರಲಿಲ್ಲ. ನನ್ನ ಕೈಗುಣಕ್ಕೆ ನಾನೇ ಬೆರಗಾದೆ.

ಅವತ್ತಿನ ಮೊಳಕೆಕಾಳು ಸಾರಿಗೆ ಮಾವನೇ ತಲೆದೂಗಿದರು. "ಈ ಸಾರಿನ ರುಚಿನೇ ಬೇರೆ ಕಣಮ್ಮಾ" ಎಂದು ಮತ್ತೆ ಹಾಕಿಸಿಕೊಂಡರು. ಅದೇ ಹೊತ್ತಿಗೆ ಕಾಶಿಯಿಂದ ಅತ್ತೆಯ ವಿಡಿಯೋ ಕಾಲ್ ಬಂತು. ಫೋನನ್ನು ನೀರಿನ ಚೊಂಬಿಗೆ ಒರಗಿಸಿ, ಎಲ್ಲರ ತಟ್ಟೆಯನ್ನೂ ತೋರಿಸುತ್ತ ಬೀಗಿದೆ.

"ಕಾಳು ಎಲ್ಲಿತ್ತಮ್ಮಾ?" ಎಂದರು ಅತ್ತೆ.

"ಅಟ್ಟದ ಮೇಲೆ ಮಡಕೇಲಿ ಇಟ್ಟಿದ್ರಲ್ಲ, ಬೂದಿ ಹಾಕಿ."

ಅತ್ತೆ ಫೋನನ್ನು ಮುಖದ ಹತ್ತಿರಕ್ಕೆ ತಂದುಕೊಂಡರು. ಅವರ ಹಿಂದೆ ಯಾರೋ ಗಂಟೆ ಬಾರಿಸುವುದು ಕೇಳುತ್ತಿತ್ತು.

"ಎಲ್ಲಾನೂ ಹಾಕ್ಬಿಟ್ಯಾ?"

"ಹೂಂ ಅತ್ತೆ."

"ಮೊಳಕೆ ಚೆನ್ನಾಗಿ ಬಂತಾ?"

"ಒಂದೂ ಬಿಡದಂಗೆ ಬಂತು!"

"ಬರದೆ ಏನು? ಬಿತ್ತನೆಗೆ ಅಂತ ಆರಿಸಿ ಇಟ್ಟಿದ್ದ ಬೀಜ ಅಲ್ವಾ ಅದು" ಎಂದರು.

ಎಲ್ಲರ ಕೈಯಲ್ಲಿದ್ದ ತುತ್ತು ಅಲ್ಲಲ್ಲೇ ನಿಂತಿತು. ಅತ್ತೆ ಮದುವೆಯಾಗಿ ಬರುವಾಗ ತವರಿನಿಂದ ಮಡಿಲಲ್ಲಿ ಕಟ್ಟಿಕೊಂಡು ಬಂದ ಅವರೆಯ ತಳಿ ಅದು. ವರ್ಷ ವರ್ಷ ಬಿತ್ತಿ, ವರ್ಷ ವರ್ಷ ಬೀಜಕ್ಕೆ ಎತ್ತಿಟ್ಟು ಉಳಿಸಿಕೊಂಡು ಬಂದದ್ದು. ಆ ಕತೆಯನ್ನು ಅವರ ಬಾಯಲ್ಲೇ ಎಷ್ಟೋ ಸಲ ಕೇಳಿದ್ದೆ. ಅದನ್ನು ಎಲ್ಲಿಡುತ್ತಾರೆಂದು ಕೇಳಿರಲಿಲ್ಲ. ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಅನ್ನಿಸಿ ನಾಚಿಕೆಯಿಂದ ಅಳು ಬಂತು.

ಮಾವ ತಟ್ಟೆಯನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, "ಆಗಿದ್ದು ಆಯ್ತು, ಇನ್ನೊಂದು ಸೌಟು ಹಾಕಮ್ಮಾ. ಇನ್ನು ಸಿಗಲ್ವಲ್ಲ" ಎಂದರು.

ನಾನು ಫೋನಿನ ಮುಂದೆ ಕೈ ಮುಗಿದೆ. "ಅತ್ತೆ, ಕ್ಷಮಿಸ್ಬಿಡಿ. ವಾಪಸ್ ಹೊರಟ್ಬಿಡ್ತೀರಾ?"

"ಯಾಕೆ ಬರ್ಲಿ? ಇನ್ನೂ ಗಂಗೇಲಿ ಮುಳುಗೇ ಹಾಕಿಲ್ಲ. ಅಳ್ಬೇಡ, ಸುಮ್ನಿರು. ಈ ಸಲಕ್ಕೆ ಬೇಕಾದಷ್ಟು ಬೀಜಾನ ದೊಡ್ಡಬೆಳವಂಗಲದಲ್ಲಿ ನಮ್ಮಣ್ಣನ ಮನೇಲಿ ಇಟ್ಟು ಬಂದಿದೀನಿ."

ಹೋದ ಜೀವ ಬಂದಂತಾಯಿತು. ಜೀವ ಬಂದ ಕೂಡಲೇ ಸಣ್ಣಗೆ ಬೇಜಾರೂ ಆಯಿತು. ಕಣ್ಣೊರೆಸಿಕೊಂಡು, "ಹಂಗಾದ್ರೆ ನನ್ನ ಮೇಲೆ ನಿಮಗೆ ನಂಬಿಕೆ ಇರ್ಲಿಲ್ವಾ ಅತ್ತೆ?" ಎಂದು ಕೇಳಿದೆ.

"ಪೂರ್ತಿ ನಂಬಿಕೆ ಇತ್ತು ಕಣಮ್ಮಾ" ಎಂದರು ಅತ್ತೆ. "ಅದಕ್ಕೇ ಅಲ್ವಾ ಅಲ್ಲಿ ಇಟ್ಟು ಬಂದಿದ್ದು!"